ಇಬ್ಬರೂ ಹಸಿರು ಎಂದರು

ಮನೆಯಲ್ಲಿ ಒಬ್ಬ ರೈಲು ಚಾಲಕನಿದ್ದರೆ ಊಟಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಇಬ್ಬರಿದ್ದರೆ ಊಟಕ್ಕೆ ಕೂತಾಗ ರೈಲಿನದು ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಈ ಮನೆಯಲ್ಲಿ ಮಾವ ನಿವೃತ್ತ ಚಾಲಕ, ಅಳಿಯ ಹಾಲಿ ಚಾಲಕ. ನಡುವೆ ಮಗಳು, ಆಸ್ಪತ್ರೆಯಲ್ಲಿ ನರ್ಸು. ಸಿಗ್ನಲ್ಲು, ಬ್ರೇಕು, ವೇಗ ಅಂತ ಕೇಳಿ ಕೇಳಿ ಅವಳಿಗೆ ಸಾಕುಬೇಕಾಗಿತ್ತು.

ಆ ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದ ಅಳಿಯ ಕೈ ತೊಳೆಯುವ ಮೊದಲೇ ಶುರು ಮಾಡಿದ.

"ಹೊಸ ಅಸಿಸ್ಟೆಂಟ್ ಒಬ್ಬಳು ಬಂದಿದಾಳೆ ಮಾವ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿಲ್ಲ, ಆಗಲೇ ನನ್ನನ್ನ ತಿದ್ದೋಕೆ ಬರ್ತಾಳೆ. ನಾನು ಹಸಿರು ಅಂದೆ, ಅವಳು ಹಳದಿ ಅಂದ್ಲು."

"ಇದ್ದಿದ್ದು ಯಾವುದು?" ಮಾವ ಕೇಳಿದರು.

"ಹಳದಿನೇ ಬಿಡಿ. ಅರ್ಧ ಕ್ಷಣ ತಡೆದಿದ್ರೆ ನನಗೂ ಕಾಣ್ತಿತ್ತು. ಆ ಜಾಗದಲ್ಲಿ ದಿನಾ ಹಸಿರೇ ಇರುತ್ತೆ, ಅಭ್ಯಾಸಕ್ಕೆ ಬಾಯಿಗೆ ಬಂದ್ಬಿಡ್ತು. ಗಾಡಿ ಇಳಿದ ಮೇಲೆ ಎಲ್ಲರ ಮುಂದೆ ಹೇಳಿದೆ, ನಾನು ಒಂದು ಸಲ ಹೇಳಿದ ಮೇಲೆ ನೀನೂ ಅದನ್ನೇ ಹೇಳು ಅಂತ. ಕಣ್ಣಲ್ಲಿ ನೀರು ಹಾಕ್ಕೊಂಡು ಹೋದ್ಲು."

ರೈಲಿನ ಇಂಜಿನ್ನಿನಲ್ಲಿ ಕೂರುವವರು ಇಬ್ಬರು, ಚಾಲಕ ಮತ್ತು ಸಹಾಯಕ. ಸಿಗ್ನಲ್ ಕಂಡಾಗ ಇಬ್ಬರೂ ತಮ್ಮ ತಮ್ಮ ಕಣ್ಣಿನಿಂದ ನೋಡಿ, ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ಹಸಿರಾದರೆ ಮುಂದೆ ಹೋಗು. ಹಳದಿಯಾದರೆ ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಬೇಕಾಗಬಹುದು, ಈಗಿನಿಂದಲೇ ವೇಗ ಇಳಿಸು. ಕೆಂಪಾದರೆ ನಿಲ್ಲು. ಹೊರಗಿನವರಿಗೆ ಒಂದನೇ ತರಗತಿಯ ಪಾಠದಂತೆ ಕೇಳಿಸುವ ಈ ಕೂಗು ಇರುವುದು, ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಹಿಡಿಯಲಿ ಎಂದು. ಅಳಿಯನಿಗೆ ಇದು ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಗೊತ್ತಿದ್ದೂ ಸಸಾರವಾಗಿತ್ತು.

ಮಾವ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೂತರು.

ಹದಿಮೂರು ವರ್ಷದ ಹಿಂದೆ ಅವರ ಗಾಡಿ ಮುಂದೆ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತ್ತು. ಅವರ ಸಹಾಯಕ ಸತ್ತಿದ್ದ. ಇಬ್ಬರೂ ಸಿಗ್ನಲ್ಲನ್ನು ತಪ್ಪಾಗಿ ನೋಡಿದರು ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿತ್ತು. ಮಾವನನ್ನು ಇಂಜಿನ್ನಿನಿಂದ ಇಳಿಸಿ ಉಗ್ರಾಣದ ಕೆಲಸಕ್ಕೆ ಹಾಕಿದ್ದರು. ಇಬ್ಬರ ಕಣ್ಣೂ ಮೋಸ ಹೋದರೆ ಯಾರೇನು ಮಾಡೋಕಾಗುತ್ತೆ ಎಂದು ಮನೆಯವರು ಸಮಾಧಾನ ಹೇಳುತ್ತ ಬಂದಿದ್ದರು. ಆ ಸಮಾಧಾನವನ್ನು ಮಾವ ಇಷ್ಟು ವರ್ಷ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದರು. ಈಗ ಬಾಯಿ ಬಿಟ್ಟರೆ ಮಗಳ ಕಣ್ಣಲ್ಲಿ ಸಣ್ಣವರಾಗಬೇಕು. ಬಿಡದಿದ್ದರೆ ಅಳಿಯ ನಾಳೆ ಬೆಳಿಗ್ಗೆ ಮತ್ತೆ ಇಂಜಿನ್ ಹತ್ತುತ್ತಾನೆ, ಪಕ್ಕದಲ್ಲಿ ಹೆದರಿದ ಹುಡುಗಿಯನ್ನು ಕೂರಿಸಿಕೊಂಡು.

"ನನ್ನ ಅಸಿಸ್ಟೆಂಟ್ ತಪ್ಪಾಗಿ ನೋಡಿರ್ಲಿಲ್ಲ," ಎಂದರು ಮಾವ.

ಮಗಳು ನೀರಿನ ಚೊಂಬನ್ನು ಕೆಳಗಿಟ್ಟಳು.

"ತಿರುವಿನ ಆಚೆ ಒಂದು ಸಿಗ್ನಲ್. ಹನ್ನೊಂದು ವರ್ಷ ಅದು ನನಗೆ ಹಸಿರು ಬಿಟ್ಟು ಬೇರೆ ತೋರಿಸಿರ್ಲಿಲ್ಲ. ಅವತ್ತು ಅದು ಕಾಣೋಕೆ ಮೊದಲೇ ಹಸಿರು ಅಂದ್ಬಿಟ್ಟೆ. ತಿರುವಲ್ಲಿ ಅದು ಮೊದಲು ಕಾಣೋದು ಅವನ ಕಡೆಗೆ. 'ಸಾರ್, ಹಳದಿ' ಅಂದ. ನಾನು ಅವನ ಕಡೆ ತಿರುಗ್ದೆ. ನನಗೆ ಹೇಳಿಕೊಡ್ತೀಯಾ ಅಂತ ಅವನ ಮುಖಾನೇ ದುರುಗುಟ್ಟಿ ನೋಡ್ದೆ. ಪಾಪ, ಸ್ವಲ್ಪ ಹೊತ್ತು ಬಿಟ್ಟು 'ಹಸಿರು ಸಾರ್' ಅಂದ. ಅಷ್ಟರಲ್ಲಿ ಸಿಗ್ನಲ್ ದಾಟಿ ಹೋಗಿತ್ತು. ನಾನದನ್ನ ನೋಡಲೇ ಇಲ್ಲ."

"ಆಮೇಲೆ?" ಅಳಿಯನ ದನಿ ಇಳಿದಿತ್ತು.

"ಆಮೇಲೇನು, ಮುಂದಿನದು ಕೆಂಪು. ಅದರಾಚೆ ಗೂಡ್ಸ್ ಗಾಡಿ. ಬ್ರೇಕ್ ಪೂರ್ತಿ ಎಳೆದೆ. ಆ ವೇಗದಲ್ಲಿ ಗಾಡಿ ನಿಲ್ಲೋಕೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಬೇಕು. ನನ್ನ ಮುಂದೆ ಅದರ ಅರ್ಧಾನೂ ಇರ್ಲಿಲ್ಲ. ಗುದ್ದಿದ್ದು ಅವನು ಕೂತಿದ್ದ ಕಡೆಗೆ."

ಅಳಿಯ ತಟ್ಟೆಯನ್ನೇ ನೋಡುತ್ತ ಕೇಳಿದ. "ಅಸಿಸ್ಟೆಂಟ್ ಕಡೆನೂ ತುರ್ತು ಬ್ರೇಕ್ ಇರುತ್ತಲ್ಲ ಮಾವ. ಹಳದಿ ಅಂತ ಗೊತ್ತಿದ್ಮೇಲೆ ಅವನೇ ಹಾಕ್ಬಹುದಿತ್ತು."

"ಹಾಕ್ಬೇಕು ಅಂತಲೇ ನಿಯಮ ಇರೋದು. ಆದ್ರೆ ಇದ್ದಿದ್ದನ್ನ ಇದ್ದ ಹಾಗೆ ಹೇಳಿ ಬೈಸಿಕೊಂಡವನ ಕೈ ಬ್ರೇಕಿನ ಕಡೆ ಹೋಗುತ್ತಾ? ನಿಮ್ಮ ಅಸಿಸ್ಟೆಂಟ್ ಕೈ ನಾಳೆ ಹೋಗುತ್ತಾ, ಹೇಳಿ."

ಅಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ವಿಚಾರಣೆಯಲ್ಲಿ ನಿನ್ನ ಅಸಿಸ್ಟೆಂಟ್ ಏನಂತ ಕೂಗಿದ ಅಂತ ಕೇಳಿದ್ರು," ಮಾವ ಮುಂದುವರಿಸಿದರು. "ಹಸಿರು ಅಂದ ಅಂತ ಹೇಳ್ದೆ. ಅದಕ್ಕೆ ಮುಂಚೆ ಏನಂದ ಅಂತ ಯಾರೂ ಕೇಳ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ. ಆಗ ಇಂಜಿನ್‌ನಲ್ಲಿ ಮಾತು ರೆಕಾರ್ಡ್ ಆಗ್ತಿರ್ಲಿಲ್ಲ."

ಮಗಳು ಅಪ್ಪನಿಗೆ ಸಮಾಧಾನ ಹೇಳಲಿಲ್ಲ. ಗಂಡನ ಕಡೆ ತಿರುಗಿದಳು. "ವಾರ್ಡಲ್ಲಿ ರಕ್ತ ಕೊಡೋಕೆ ಮುಂಚೆ ಚೀಲದ ಮೇಲಿನ ನಂಬರ್‌ನ ನಾವು ಇಬ್ಬರು ನರ್ಸುಗಳು ಬೇರೆ ಬೇರೆಯಾಗಿ ಓದ್ತೀವಿ. ನಾನು ಸೀನಿಯರ್ ಅಂತ ಜೂನಿಯರ್ ನಾನು ಓದಿದ್ದನ್ನೇ ಒಪ್ಪಿಸಿದ್ರೆ, ಅಲ್ಲಿ ನೋಡಿದ್ದು ಒಬ್ಬರೇ. ಇಬ್ಬರು ಅನ್ನೋದು ಬರೀ ಕಾಗದದಲ್ಲಿ."

ಆಮೇಲೆ ಮೆಲ್ಲಗೆ ಕೇಳಿದಳು. "ಅಪ್ಪಾ, ಆ ಅಸಿಸ್ಟೆಂಟ್ ತಾಯಿಗೆ ಹೇಳಿದ್ಯಾ?"

"ಇಲ್ಲಮ್ಮ. ಎರಡು ಸಲ ಅವರ ಬೀದಿ ತನಕ ಹೋಗಿ ವಾಪಸ್ ಬಂದೆ. ಹೋದ ವರ್ಷ ಅವರೂ ತೀರಿಕೊಂಡ್ರು. ತಮ್ಮ ಮಗನೂ ತಪ್ಪು ಮಾಡಿದ ಅಂತ ನಂಬ್ಕೊಂಡೇ ಹೋದ್ರು."

"ಎರಡು ವರ್ಷದ ಹಿಂದೆ ಹೇಳಿದ್ರೂ ಆಗ್ತಿತ್ತು."

"ಹೌದು," ಎಂದರು ಮಾವ. ಮಗಳು ಹತ್ತಿರ ಹೋಗಿ ಕೂತಳು, ಆದರೆ ಹೋಗಲಿ ಬಿಡು ಎನ್ನಲಿಲ್ಲ. ಅದು ಹೋಗುವಂಥದ್ದಾಗಿರಲಿಲ್ಲ.

ಅಳಿಯ ಎದ್ದು, ಕೈ ತೊಳೆದು, ಫೋನ್ ಹಚ್ಚಿದ. ಇಬ್ಬರಿಗೂ ಕೇಳುವ ಹಾಗೆಯೇ ಮಾತಾಡಿದ.

"ನಾನಮ್ಮ, ನಿನ್ನ ಡ್ರೈವರ್. ಬೆಳಿಗ್ಗೆ ನೀನು ನೋಡಿದ್ದು ಸರಿ ಇತ್ತು, ಬೈದಿದ್ದು ನನ್ನ ತಪ್ಪು. ಎಲ್ಲರ ಮುಂದೆ ಬೈದೆ, ನಾಳೆ ಎಲ್ಲರ ಮುಂದೇನೇ ತಪ್ಪು ಒಪ್ಕೋತೀನಿ. ಇನ್ಮೇಲೆ ಸಿಗ್ನಲ್ ಬಣ್ಣ ಮೊದಲು ನೀನು ಹೇಳು, ಆಮೇಲೆ ನಾನು. ಕಣ್ಣಿಗೆ ಕಾಣೋಕೆ ಮುಂಚೆ ಯಾರೂ ಬಾಯಿ ಬಿಡೋದು ಬೇಡ. ಇಬ್ಬರದು ಬೇರೆ ಬೇರೆ ಬಂತು ಅಂದ್ರೆ ವಾದ ಆಮೇಲೆ. ಹೆಚ್ಚು ಎಚ್ಚರದ ಬಣ್ಣಾನೇ ಸರಿ ಅಂತ ಇಟ್ಕೊಂಡು ಮೊದಲು ಬ್ರೇಕ್ ಹಾಕೋಣ."

ಆ ಕಡೆಯಿಂದ ಅವಳು ಕೇಳಿದಳು. "ನೀವು ಹಾಕದೇ ಇದ್ರೆ ಸಾರ್?"

"ನೀನು ಹಾಕು."

"ಬೈದ್ರೆ?"

"ಗಾಡಿ ನಿಂತ ಮೇಲೆ ಎಷ್ಟು ಬೇಕಾದ್ರೂ ಬೈಸ್ಕೊಳ್ಳುವಿಯಂತೆ. ಮೊದಲು ನಿಲ್ಸು."

ಸಂಜೆ ಮಾವ ಮಗಳ ಹತ್ತಿರ ಬಿಳಿ ಹಾಳೆ ಕೇಳಿದರು. ಸತ್ತವನಿಗೆ ಒಬ್ಬಳು ಅಕ್ಕ ಇದ್ದಾಳೆ. ಅವಳಿಗೊಂದು, ಇಲಾಖೆಗೊಂದು ಪತ್ರ ಬರೆಯಲು ಕೂತರು. ತಡವಾಗಿತ್ತು, ಬಹಳ ತಡವಾಗಿತ್ತು. ಆದರೂ ಬರೆದರು.

ಇಂಜಿನ್ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ದಾರಿ ಬಾಯಿಪಾಠವಾಗಿರಬಹುದು. ಆದರೆ ಇವತ್ತಿನ ಸಿಗ್ನಲ್ಲನ್ನು ಇವತ್ತೇ ನೋಡಬೇಕು. ಕಂಡ ಮೇಲೆ ಕೂಗಿ. ಸಹಾಯಕರೇ, ದೊಡ್ಡವರು ಹೇಳಿದರೆಂದು ಕಂಡದ್ದನ್ನು ನುಂಗಬೇಡಿ, ಮತ್ತೆ ಹೇಳಿ, ಕೇಳದಿದ್ದರೆ ಬ್ರೇಕ್ ಎಳೆಯಿರಿ. ಚಾಲಕರೇ, ಪಕ್ಕದಲ್ಲಿ ಕೂತವರು ಬೇರೆ ಬಣ್ಣ ಹೇಳಿದಾಗ ಅವರ ಮುಖ ನೋಡಬೇಡಿ. ಸಿಗ್ನಲ್ ನೋಡಿ.