ಎಡತೋಳು ಅಗಲವಿದ್ದ ಅಂಗಿ

ಮಗಳ ನಿಶ್ಚಿತಾರ್ಥ ಹತ್ತಿರ ಬಂದಂತೆ ಚೆಲುವರಾಜುವಿಗೆ ಅಂದು ತೊಡಬೇಕಾದ ಅಂಗಿಯದೇ ಚಿಂತೆ ಹತ್ತಿಕೊಂಡಿತು.

ಗಾವಡಗೆರೆಯಿಂದ ಹುಣಸೂರಿಗೆ ಡಯಾಲಿಸಿಸ್‌ಗೆಂದು ಓಡಾಡತೊಡಗಿ ಅವನಿಗೆ ವರ್ಷಗಳೇ ಆಗಿದ್ದವು. ಸೂಜಿ ಚುಚ್ಚಲು ಅನುಕೂಲವಾಗಲೆಂದು ಮೈಸೂರಿನ ಡಾಕ್ಟರು ಎಡಗೈಯ ರಕ್ತನಾಳಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದಿದ್ದರು. ಅಲ್ಲಿಂದೀಚೆಗೆ ಆ ಕೈ ಊದಿಕೊಂಡು, ಹಗ್ಗ ಸುತ್ತಿಟ್ಟಂತೆ ಗಂಟುಗಂಟಾಗಿತ್ತು. ಉಳಿದ ಮೈಯೆಲ್ಲ ಇಳಿದುಹೋಗಿತ್ತು. ಅಂಗಡಿಯಲ್ಲಿ ಸಿಗುವ ತುಂಬುತೋಳಿನ ಅಂಗಿಗಳಲ್ಲಿ ಕೈ ತೂರಿದ್ದು ಹೆಗಲಿಂದ ಜಾರುತ್ತಿತ್ತು, ಹೆಗಲಿಗೆ ಕೂತದ್ದರಲ್ಲಿ ಕೈ ತೂರುತ್ತಿರಲಿಲ್ಲ. ಆ ಕೈಗೆ ಬಿಗಿಯಾದದ್ದೇನನ್ನೂ ತೊಡಬಾರದೆಂದು ಡಾಕ್ಟರು ಹೇಳಿದ್ದರು. ಹಾಗಾಗಿ ಹೊಲಕ್ಕೂ ಆಸ್ಪತ್ರೆಗೂ ಅವೇ ದೊಗಲೆ ಅರ್ಧತೋಳಿನ ಅಂಗಿಗಳು. ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೈ ನೋಡಿ, ಆಮೇಲೆ ಮುಖ ನೋಡಿ, ಸ್ವಲ್ಪ ಸರಿದು ಕೂರುತ್ತಿದ್ದರು.

ಹುಡುಗನ ಕಡೆಯವರು ಕೆ.ಆರ್. ನಗರದವರು. ಹೆಣ್ಣು ನೋಡಲು ಬಂದ ದಿನ ಚೆಲುವರಾಜು ಟವೆಲನ್ನು ಎಡಗೈ ಮೇಲೆ ಇಳಿಬಿಟ್ಟುಕೊಂಡು ಹೇಗೋ ಕೂತಿದ್ದ. ಆದರೆ ನಿಶ್ಚಿತಾರ್ಥದಲ್ಲಿ ಎಲ್ಲರೆದುರು ಎರಡೂ ಕೈಯಲ್ಲಿ ತಾಂಬೂಲದ ತಟ್ಟೆ ಹಿಡಿಯಬೇಕು. ಕೈ ಕಂಡರೆ ಕಾಯಿಲೆ ಏನೆಂದು ಕೇಳುತ್ತಾರೆ. ಕೇಳಿದ ಮೇಲೆ ಸಂಬಂಧ ಮುರಿದುಹೋದರೆ? ಊರಿನ ಟೈಲರ್ ದೇವಯ್ಯ ಕಣ್ಣಿಗೆ ಪೊರೆ ಬಂದು ಮಿಷನ್ನನ್ನೇ ಮಾರಿಬಿಟ್ಟಿದ್ದ. ಹುಣಸೂರಿಗೆ ಹೋಗಿ ಗುರುತಿಲ್ಲದ ಟೈಲರ್ ಮುಂದೆ ಅಂಗಿ ಬಿಚ್ಚಿ ನಿಲ್ಲಲು ಚೆಲುವರಾಜುವಿಗೆ ಮನಸ್ಸಿರಲಿಲ್ಲ.

"ಆನ್‌ಲೈನಲ್ಲಿ ಅಳತೆ ಕೊಟ್ರೆ ಹೊಲ್ದು ಕಳಿಸ್ತಾರೆ ಕಣಪ್ಪ, ರೇಟೂ ರೆಡಿಮೇಡಿನಷ್ಟೇ" ಎಂದಳು ಮಗಳು ಅನುಶ್ರೀ. ಅವಳು ಹನಗೋಡಿನ ಶಾಲೆಯೊಂದರಲ್ಲಿ ಟೀಚರ್.

"ಮೈ ನೋಡ್ದೆ ಅದೆಂಗೆ ಹೊಲೀತಾರವ್ವ? ಬುಡು, ಇರೋದನ್ನೇ ಹಾಕ್ಕೊಂಡು ಮೂಲೇಲಿ ಕೂರ್ತೀನಿ."

ಅನುಶ್ರೀ ಬಿಡಲಿಲ್ಲ. ಟೇಪು ಹಿಡಿದು ಅವನನ್ನು ಹಜಾರದಲ್ಲಿ ನಿಲ್ಲಿಸಿದಳು. ಹಿಂದಿನ ದಿನವಷ್ಟೇ ಡಯಾಲಿಸಿಸ್ ಆಗಿದ್ದರಿಂದ ಅವನು ಬಲಗೈಯನ್ನು ಗೋಡೆಗೆ ಊರಿಕೊಂಡು ನಿಂತ. ಕತ್ತು, ಎದೆ, ಬೆನ್ನು ಅಳೆದು ಎಡಗೈಗೆ ಬಂದಾಗ ಅವಳ ಬೆರಳು ಆ ಗಂಟುಗಳ ಮೇಲೆ ನಿಂತಿತು. ಒಳಗೆ ರಕ್ತ ಜುಂಯ್ ಎಂದು ಹರಿಯುವುದು ಬೆರಳಿಗೆ ತಿಳಿಯುತ್ತಿತ್ತು.

"ನೋವಾಯ್ತದಾ?"

"ಇಲ್ಲ. ಬೇಗ ಮುಗ್ಸು, ಕೂರ್ಬೇಕು."

ಅಂಗಿ ಬಂತು. ಬಿಳಿ ಬಟ್ಟೆ, ಒಳ್ಳೆಯ ಕಾಲರು. ತೊಟ್ಟರೆ ಎರಡೂ ತೋಳು ಒಂದೇ ಸಮ ಅಗಲ! ಬಲಗೈ ತೋಳಿನೊಳಗೆ ಕಳೆದುಹೋಗಿತ್ತು. ಹೆಂಡತಿ ಜಯಲಕ್ಷ್ಮಮ್ಮ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಮುಖ ನೋಡಿದವಳೇ ಸೆರಗು ಇಳಿಸಿದಳು. ಅವನು ಅಂಗಿ ಬಿಚ್ಚಿ ಮಂಚದ ಮೇಲೆಸೆದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

"ಸಾಕು. ನಿಮ್ಮಣ್ಣ ಬಂದು ತಟ್ಟೆ ತಗೊಳ್ಳಲಿ. ನಾನು ಮೂಲೇಲಿ ಕೂತಿರ್ತೀನಿ."

"ತಟ್ಟೆ ತಗೊಳಾಕೆ ಅಪ್ಪ ಇರುವಾಗ ಸೋದರಮಾವ ಯಾಕೆ ಬೇಕು? ಎದ್ದೇಳಿ, ಕಾಫಿ ಕುಡೀರಿ" ಎಂದಳು ಜಯಲಕ್ಷ್ಮಮ್ಮ.

ಅನುಶ್ರೀ ಕಂಪನಿಗೆ ಫೋನ್ ಮಾಡಿದಳು. ಸುಧಾ ಎಂಬ ಹೆಸರಿನ ಹುಡುಗಿ ಎತ್ತಿದಳು. ಬೇರೆ ಬೇರೆ ತೋಳಿಗೆ ಬೇರೆ ಬೇರೆ ಅಳತೆ ತುಂಬಲು ತಮ್ಮ ಫಾರ್ಮಿನಲ್ಲಿ ಜಾಗವೇ ಇಲ್ಲ ಎಂದಳು. ಕೊನೆಗೆ ಜಯಲಕ್ಷ್ಮಮ್ಮನೇ ಫೋನ್ ಕಿತ್ತುಕೊಂಡಳು.

"ನೋಡವ್ವ, ನಮ್ಮೆಜಮಾನ್ರ ಒಂದು ಕೈಯೇ ಅವ್ರನ್ನ ಬದುಕ್ಸಿರೋದು. ಆ ಕೈಗೆ ಒಂದಿಷ್ಟು ಬಟ್ಟೆ ಜಾಸ್ತಿ ಹಾಕಿ ಅಂತಿವ್ನಿ, ಅಷ್ಟೇ."

"ಕೈಯ ಫೋಟೋ ಕಳಿಸಿ ಅಮ್ಮ, ಹೊಲಿಯೋರಿಗೆ ನಾನೇ ಹೇಳ್ತೀನಿ" ಎಂದಳು ಸುಧಾ. ಫೋಟೋ ಎಂದೊಡನೆ ಚೆಲುವರಾಜು ಬೇಡವೆಂದ. ಬೇಡವೆನ್ನುತ್ತಲೇ, ವಾದಿಸುವ ಶಕ್ತಿಯಿಲ್ಲದೆ ಕೈ ಚಾಚಿದ.

ಎರಡನೆಯ ಅಂಗಿ ನಿಶ್ಚಿತಾರ್ಥದ ಹಿಂದಿನ ಸಂಜೆ ಬಂತು. ಡಯಾಲಿಸಿಸ್ ಮುಗಿಸಿ ಬಂದವನು ಕಣ್ಣು ಮುಚ್ಚಿಕೊಂಡೇ ತೋಳೊಳಗೆ ಕೈ ತೂರಿಸಿದ. ಕೈ ಸಲೀಸಾಗಿ ಹೋಯಿತು. ಅಂಗಿಯ ಹೆಗಲು ಅವನ ಹೆಗಲಿನ ಮೇಲೆ ಸರಿಯಾಗಿ ಕೂತಿತು. ಎಡತೋಳಿನ ಅಗಲವನ್ನು ಯಾರೋ ಒಳಗಿನಿಂದ ಮಡಿಕೆ ಕೊಟ್ಟು ಮರೆಸಿದ್ದರು. ಕನ್ನಡಿಯಲ್ಲಿ ನೋಡಿದರೆ ಎರಡೂ ಕೈ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದವು. ಗುಂಡಿಗಳನ್ನೆಲ್ಲ ಹಾಕಿ, ಮತ್ತೆ ಬಿಚ್ಚಿ, ಅಂಗಿಯನ್ನು ಹೆಂಡತಿಯ ಕೈಗೆ ಕೊಟ್ಟ.

ಮರುದಿನ ಹುಣಸೂರಿನ ಛತ್ರದಲ್ಲಿ ಅವನು ತಾಂಬೂಲದ ತಟ್ಟೆ ಹಿಡಿದು ನಿಂತ. ಯಾರೂ ಕೈಯತ್ತ ನೋಡಲಿಲ್ಲ. ತಟ್ಟೆ ಬದಲಾಯಿಸಿಕೊಂಡಾದ ಮೇಲೆ ಹುಡುಗನ ತಾಯಿ ತಿಮ್ಮಮ್ಮ ಅವನ ಬಲಗೈಯ ಕಡೆ ಬಂದು ಕೂತರು.

"ಆ ಕೈಗೆ ಭಾರ ಹಾಕ್ಬಾರ್ದಂತಲ್ಲಣ್ಣ. ತಟ್ಟೆ ನಾವೇ ಇಳಿಸ್ಕೋತಿದ್ವಿ. ನಿಮ್ಗೆ ಉಪ್ಪಿಲ್ಲದ್ ಸಾರು ಬೇರೆ ಮಾಡ್ಸಿವ್ನಿ. ನೀರೂ ಲೆಕ್ಕವೇ ಅಲ್ವಾ?"

ಚೆಲುವರಾಜು "ಊಂ" ಎಂದಷ್ಟೇ ತಲೆ ಆಡಿಸಿದ.

ಊರಿಗೆ ಮರಳುವ ಕಾರಿನಲ್ಲಿ ಮಗಳನ್ನು ಕೇಳಿದ: "ಕಾಯಿಲೆ ವಿಷ್ಯ ಅವ್ರಿಗೆ ನೀನೇ ಹೇಳಿದ್ಯಾ?"

"ಮೊದಲ್ನೇ ದಿನಾನೇ. ಅದನ್ನ ಮುಚ್ಚಿಟ್ಟು ಸೇರೋ ಮನೆ ನಂಗ್ಯಾಕಪ್ಪ?"

"ಮತ್ತೆ ಈ ಅಂಗಿಗೆ ಅಷ್ಟು ಒದ್ದಾಡಿದ್ಯಾಕೆ?"

"ನೀನು ಮೂಲೇಲಿ ಕೂರ್ತೀನಿ ಅಂದ್ಯಲ್ಲ."

ಸಿಟ್ಟು ಬರಬೇಕಿತ್ತೇನೋ. ಇಷ್ಟು ದಿನ ಒಬ್ಬನೇ ಹೊತ್ತು ತಿರುಗಿದ ಭಯ ಬೇಕಿರಲೇ ಇಲ್ಲವಲ್ಲ ಎನಿಸಿ, ಮೈಯೊಳಗಿನ ದಣಿವೆಲ್ಲ ಒಟ್ಟಿಗೆ ಮೇಲೆದ್ದು ಬಂತು. ಕತ್ತಿನ ಗುಂಡಿ ಸಡಿಲಿಸಿ ಸೀಟಿಗೆ ಒರಗಿದ. ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು ಸರಿಯುತ್ತಿದ್ದವು. ಊರು ಬರುವ ಮೊದಲೇ ಅವನಿಗೆ ನಿದ್ದೆ ಹತ್ತಿತ್ತು. ಮನೆ ಮುಂದೆ ಕಾರು ನಿಂತ ಮೇಲೂ ಜಯಲಕ್ಷ್ಮಮ್ಮ ಅವನನ್ನು ಎಬ್ಬಿಸಲಿಲ್ಲ. ಡ್ರೈವರಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಬಾಗಿಲು ತೆರೆದಿಟ್ಟುಕೊಂಡು ಪಕ್ಕದಲ್ಲೇ ಕೂತಳು.