ಕೆಂಪಾಗದ ಗಾಜು

ನಾನು ಒಂದು ಕಾರಿನ ಮುಂಗಾಜು. ಮರಳಾಗಿ ಕುಲುಮೆ ಹೊಕ್ಕು, ಗಾಜಾಗಿ ಹೊರಬಂದೆ. ಮೊದಲ ಕೆಲವು ವರ್ಷ ಗದಗಿನ ಹಲ್ಲಿನ ಡಾಕ್ಟರರೊಬ್ಬರ ಮನೆಯಲ್ಲಿದ್ದೆ. ನನ್ನ ಮೇಲೆ ದೂಳು ಕೂರಲು ಅವರು ಬಿಟ್ಟವರಲ್ಲ. ಆದರೆ ಹೊಸ ಕಾರು ಬಂದದ್ದೇ ತಡ, ನನ್ನನ್ನು ಹುಬ್ಬಳ್ಳಿಯ ಇಮಾಮಸಾಬ ಮಾಸ್ತರರ ಡ್ರೈವಿಂಗ್ ಶಾಲೆಗೆ ದಾಟಿಸಿದರು. ಬೀಳ್ಕೊಡಲು ಮನೆಯವರು ಯಾರೂ ಬಾಗಿಲಿಗೂ ಬರಲಿಲ್ಲ.

ಆ ಶಾಲೆಗೆ ಜಾಹ್ನವಿ ಎಂಬ ಎಂಜಿನಿಯರ್ ಬಂದಳು. ಹೊಸದಾಗಿ ಕಲಿಯುವವರು ಯಾರಿಗೂ ಗುದ್ದದಂತೆ ಎಚ್ಚರಿಸುವ ಗಾಜು ಮಾಡಬೇಕೆಂಬುದು ಅವಳ ಹಟ. ನನ್ನ ನೆತ್ತಿಗೆ ಪುಟ್ಟ ಕ್ಯಾಮೆರಾ ಕೂರಿಸಿದಳು, ಮೈಗೆ ತೆಳುವಾದ ಹಾಳೆ ಅಂಟಿಸಿದಳು. ಅಂದಿನಿಂದ ಎದುರಿಗೆ ಅಪಾಯ ಕಂಡರೆ ಅದರ ಸುತ್ತ ಕೆಂಪು ಚೌಕ ಬರೆಯುವುದು ನನ್ನ ಕೆಲಸ. ಕಣ್ಣೂ ಬಂತು, ಬಾಯಿಯೂ ಬಂತು ಎಂದು ಬೀಗಿದೆ.

ಬೀಗಿದ್ದು ಬಹಳ ದಿನ ಉಳಿಯಲಿಲ್ಲ. ದುರ್ಗದಬೈಲಿನ ಪೇಟೆಗೆ ಹೊರಟರೆ ಎಮ್ಮೆಗೆ, ಬಾಳೆಹಣ್ಣಿನ ಗಾಡಿಗೆ, ಚಹಾ ಕುಡಿಯುತ್ತ ನಿಂತವರಿಗೆ, ಎಲ್ಲಕ್ಕೂ ಚೌಕ. ಮೈಯೆಲ್ಲ ಕೆಂಪಾಗಿ, ಕಲಿಯುವವರು ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದರು.

“ಅಕ್ಕಾರ, ಇದು ಎಲ್ಲಾರನ್ನೂ ಹೆದರಸ್ತೈತಿ,” ಎಂದರು ಮಾಸ್ತರರು. “ಬದೀಗೆ ಸುಮ್ನ ನಿಂತವ್ರಿಗೆ ಯಾಕ ಬೇಕ್ರಿ ಚೌಕ?”

ಜಾಹ್ನವಿಗೂ ಅದು ಸರಿಯೆನಿಸಿತು. ರಸ್ತೆಯ ಬದಿಯಲ್ಲಿ ಅಲುಗದೆ ನಿಂತವರನ್ನು ಬಿಟ್ಟುಬಿಡುವಂತೆ ನನ್ನನ್ನು ತಿದ್ದಿದಳು.

ಆಗ ಕಲಿಯಲು ಬಂದವಳು ಶಕುಂತಲಾ. ಗಂಡನಿಗೆ ಲಕ್ವ ಹೊಡೆದು ಅವನ ಶಾಲಾ ವ್ಯಾನು ಮನೆಮುಂದೆ ನಿಂತುಬಿಟ್ಟಿತ್ತು. ಅದನ್ನು ತಾನೇ ಓಡಿಸಿದರೆ ಮಾತ್ರ ಒಲೆ ಉರಿಯುತ್ತದೆ. ಆದರೆ ಎದುರಿಗೆ ಏನು ಬಂದರೂ ಹೆದರಿ ಸ್ಟೀರಿಂಗನ್ನೇ ಬಿಟ್ಟುಬಿಡುತ್ತಿದ್ದಳು. ನಾನೇ ಅವಳಿಗೆ ಧೈರ್ಯ ಕೊಟ್ಟೆ. ಕೆಂಪು ಕಂಡರೆ ಬ್ರೇಕು, ಕಾಣದಿದ್ದರೆ ಮುಂದಕ್ಕೆ. ಬರಬರುತ್ತ ಅವಳು ರಸ್ತೆ ನೋಡುವುದು ಬಿಟ್ಟು ನನ್ನನ್ನೇ ನೋಡತೊಡಗಿದಳು. ಇಷ್ಟು ಅಕ್ಕರೆಯಿಂದ ನನ್ನನ್ನು ಯಾರೂ ನೋಡಿರಲಿಲ್ಲ, ನನಗೆ ಹಿತವಾಗಿತ್ತು.

ಮಾಸ್ತರರದೊಂದು ಪದ್ಧತಿ ಇತ್ತು. ಕಲಿಕೆಯ ಕೊನೆಯ ದಿನ ಹಳೆಯ ಹತ್ತಿ ಗಿರಣಿಯ ಬಯಲಿಗೆ ಕರೆತಂದು, ತಾವು ಇಳಿದು, ದೂರ ಹೋಗಿ ಗಾಡಿಗೆ ಎದುರಾಗಿ ನಿಲ್ಲುತ್ತಿದ್ದರು. ಶಕುಂತಲಾಳ ಸರದಿ ಬಂದಾಗಲೂ ಹಾಗೇ ನಿಂತರು.

“ಬಾಯಾರ, ಒಬ್ರ ಬರ್ರಿ. ನನ್ನ ಮುಂದ ತಂದು ನಿಲ್ಲಸ್ರಿ. ನಾ ಅಲುಗಂಗಿಲ್ಲ.”

ಅವರ ಕೈಕೆಳಗೆ ಕಲಿತವರೆಲ್ಲ ಹಾಗೇ ತಂದು ನಿಲ್ಲಿಸಿದ್ದರು.

ಬಯಲಿನಲ್ಲಿ ರಸ್ತೆ ಯಾವುದು, ಬದಿ ಯಾವುದು? ನನ್ನ ಲೆಕ್ಕಕ್ಕೆ ಎಲ್ಲವೂ ಬದಿಯೇ. ಮಾಸ್ತರರು ನನಗೆ ಚೆನ್ನಾಗಿ ಕಂಡರು, ಬಿಳಿ ಟೋಪಿ, ಮುಖದ ನಗು ಸಮೇತ. ಆದರೆ ಅಲುಗದೆ ನಿಂತಿದ್ದರಲ್ಲ, ನಾನು ಚೌಕ ಬರೆಯಲಿಲ್ಲ. ಶಕುಂತಲಾ ಕೆಂಪಿಗಾಗಿ ಕಾಯುತ್ತಲೇ ಇದ್ದಳು. ಅವಳ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಮಾಸ್ತರರು ನನ್ನ ಮೇಲೇ ಬಂದು ಬಿದ್ದರು. ನನ್ನ ಮೈ ಬಿರುಕು ಬಿಟ್ಟಿತು. ಆಸ್ಪತ್ರೆಗೆ ಒಯ್ದರೂ ಅವರು ಉಳಿಯಲಿಲ್ಲ.

ಕಾರು ಗುಜರಿಗೆ ಬಂತು. ಕ್ಯಾಮೆರಾದ ಚಿತ್ರ ನೋಡಿದ ಜಾಹ್ನವಿ ಒಂದು ದಿನ ಶಕುಂತಲಾಳನ್ನು ಕರೆದುಕೊಂಡು ಬಂದಳು. ಆ ಹೆಣ್ಣುಮಗಳು ಸೊರಗಿ ಅರ್ಧವಾಗಿದ್ದಳು.

“ತಪ್ಪು ನಿಮ್ದಲ್ರಿ,” ಎಂದಳು ಜಾಹ್ನವಿ. “ಗಾಜಿಗೆ ಮಾಸ್ತರು ಕಂಡಿದ್ರು. ನಿಂತವ್ರನ್ನ ಬಿಡು ಅಂತ ನಾನ ಅದಕ್ಕ ಹೇಳಿದ್ದೆ.”

ಶಕುಂತಲಾ ನನ್ನ ಬಿರುಕಿನ ಮೇಲೆ ಕೈಯಿಟ್ಟಳು.

“ನನಗೂ ಕಂಡಿದ್ರವ್ವ,” ಎಂದಳು. “ಗಾಜು ಹೇಳ್ಲಿ ಅಂತ ಕುಂತಿದ್ದೆ.”

ಜಾಹ್ನವಿ ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅಳಲೂ ಬರುವುದಿಲ್ಲ.

ಶಕುಂತಲಾಳ ಮನೆಯ ವ್ಯಾನನ್ನೂ ಮಾರಿದರಂತೆ. ಹೊಸ ಗಾಜುಗಳು ಈಗ ನಿಂತವರಿಗೂ ಚೌಕ ಬರೆಯುತ್ತವಂತೆ. ನಾನು ಗುಜರಿಯ ಗೋಡೆಗೆ ಒರಗಿ, ಬಿಸಿಲಿಗೆ ಕಾಯುತ್ತ, ಮಳೆಗೆ ನೆನೆಯುತ್ತ ಬಿದ್ದಿದ್ದೇನೆ. ಕೆಂಪಿಲ್ಲದ ಕಡೆ ಅಪಾಯವಿಲ್ಲ ಎಂದು ನಾನು ಆ ಹೆಣ್ಣುಮಗಳಿಗೆ ಒಮ್ಮೆಯೂ ಹೇಳಿರಲಿಲ್ಲ. ಹೇಳದೆಯೇ ಕಲಿಸಿಬಿಟ್ಟಿದ್ದೆ.