ಎಂಟನೆಯ ಚುಕ್ಕಿ

ಖಟಕ್, ಖಟಕ್—ಮಗ್ಗದ ಸದ್ದೇ ಅದು, ಮತಗಟ್ಟೆಯೊಳಗೆ ಮಗ್ಗ ಎಲ್ಲಿಂದ ಬಂತು, ಮಷೀನು ಬೀಪ್ ಎಂದದ್ದಷ್ಟೇ, ಕೈನಾತಳ ಬೆರಳಿನ ಮೇಲೆ ಶಾಯಿ ತಣ್ಣಗಿದೆ, ಅವಳದು ಮುಗಿಯಿತು, ಸಾಲಿನಲ್ಲಿ ಈಗ ರಹಿಮತಬಿ ಖಾಲಾ, ಕೈನಾತಳ ಓಣಿಯವಳೇ, ನೇಕಾರ್ತಿ, ಕೈಗೆ ಮೆಹಂದಿ ಹಚ್ಚಿಕೊಂಡು ಬಂದಿದ್ದಾಳೆ, ಗದಗ ಹೊಸ ಜಿಲ್ಲೆಯಾದ ವರ್ಷ ಗೋವಾದ ವಾಸ್ಕೋದಿಂದ ಬೆಟಗೇರಿಗೆ ಸೊಸೆಯಾಗಿ ಬಂದವಳು, ಪ್ರತಿ ಸಲ ಮತ ಹಾಕಿ, ಶಾಯಿ ಒಣಗುವ ಮೊದಲೇ ಎದುರಿನ ತನ್ನ ಮನೆಗೆ ಓಡಿ, ಬಾಗಿಲ ಪಕ್ಕದ ಸುಣ್ಣದ ಗೋಡೆಗೆ ಬೆರಳೊತ್ತುವವಳು, ಏಳು ಚುಕ್ಕಿ, ನೋಡ ಬೇಟಿ, ನಾ ಈ ಊರಾಕಿ ಅನ್ನಾಕ ಇಷ್ಟು ಸಾಕಲ್ಲ—

ಪಟ್ಟಿಯಾಗ ಹೆಸರು ಇಲ್ಲಮ್ಮಾ, ಸ್ಥಳಾಂತರ ಅಂತ ತೆಗೆದಾರ, ಎನ್ನುತ್ತಾರೆ ಮತಗಟ್ಟೆಯ ಅಧಿಕಾರಿ. ಎಲ್ಲಿಗರಿ ಸಾಹೇಬ್ರ, ನಾ ಇಲ್ಲೇ ನಿಂತೀನಲ್ಲ, ನೀವ ನೋಡಾಕತ್ತೀರಲ್ಲ! ಪಕ್ಷದ ಏಜೆಂಟ್ ಲಾಡಸಾಬ ಚಾವಣಿ ನೋಡುತ್ತಾನೆ, ಅವತ್ತೂ ಹೀಗೇ ನೋಡಿದ್ದ, ಮತದಾರರ ಪಟ್ಟಿ ಹಿಡಿದು ಮನೆಮನೆ ತಪಾಸಣೆಗೆ ಮುಕುಂದ ಮಾಸ್ತರರು ಬಂದ ದಿನ, ಖಾಲಾನ ಬಾಗಿಲಿಗೆ ಕೀಲಿ, ನೇಯ್ಗೆ ಮುಗಿಯುವ ತನಕ ಯಾರೂ ಮಾತಿಗೆ ಬರಬಾರದೆಂದು ಓಣಿಯ ಹೆಂಗಸರು ಮುಂದೆ ಕೀಲಿ ಜಡಿದು ಹಿತ್ತಲಿನಿಂದ ಒಳಗೆ ಹೋಗುತ್ತಾರೆ, ಮಾಸ್ತರರಿಗೇನು ಗೊತ್ತು, ಓಣಿಯ ತುಂಬ ಸದ್ದು, ಯಾವ ಮನೆಯದೆಂದು ತಿಳಿಯದು, ಗೋವಾದಾಕಿ ಗೋವಾಕ್ಕ ಹೋದ್ಳರಿ ಎಂದ ಲಾಡಸಾಬ, ಇಂಥ ಹೊರಗಿನವರ ಓಟಿನಿಂದನ ಹೋದ ಸಲ ಒಂಬತ್ತ ಓಟಿನಾಗ ಸೋತೀವಿ, ಬರಕೋರಿ ಜಲ್ದಿ. ಮಾಸ್ತರರು ಪಕ್ಕದ ಬಾಗಿಲಲ್ಲಿ ನಿಂತಿದ್ದ ಕೈನಾತಳ ಕಡೆ ತಿರುಗಿದರು, ಖರೆ ಏನವಾ, ಒಳಗೆ ಖಟಕ್ ಖಟಕ್, ಖಾಲಾನ ಮಗ್ಗವೇ ಎಂದು ಅವಳಿಗೆ ಗೊತ್ತಿತ್ತು, ಆದರೂ ಹೌದೆಂದು ತಲೆ ತಾನಾಗಿ ಆಡಿತು, ಆ ರಾತ್ರಿ ಡೈರಿಯಲ್ಲಿ ಒಂದೇ ಸಾಲು, ಮಾತಾಡಬೇಕಿತ್ತು—ಈಗಾದರೂ ಹೇಳು, ನಾನೇ ತಲೆಯಾಡಿಸಿದೆ ಅನ್ನು, ಹಿಂದಿನವರು ಗೊಣಗುತ್ತಾರೆ, ಸರೀರಿ ಮುಂದ, ಖಾಲಾ ಚಾಚಿದ ಬೆರಳು ಮಡಚಿಕೊಳ್ಳದೆ ಹಾಗೇ ಹೊರಗೆ ನಡೆಯುತ್ತಾಳೆ, ನೆರಳಿನಂತೆ ಕೈನಾತಳೂ, ರಸ್ತೆ ದಾಟಿ, ಕೀಲಿ ಹಾಕಿದ ಬಾಗಿಲು, ಏಳು ಚುಕ್ಕಿ, ಪಕ್ಕದಲ್ಲಿ ಬಿಳಿ ಸುಣ್ಣ.

ನಿನ್ನ ಬೆರಳರೆ ಒತ್ತ ಬೇಟಿ, ಜಾಗಾ ಖಾಲಿ ಬ್ಯಾಡ, ನೀ ನನ್ನ ಮಗಳಿದ್ದಂಗ. ಮೆಹಂದಿಯ ಕೈ ಅವಳ ಮಣಿಕಟ್ಟು ಹಿಡಿದಿದೆ, ಏನೂ ತಿಳಿಯದ ಕೈ, ಬಿಸಿ ಕೈ, ಕೈನಾತ ಒತ್ತುತ್ತಾಳೆ, ಮತ್ತೆ ಒತ್ತುತ್ತಾಳೆ, ಶಾಯಿ ಒಣಗಿಬಿಟ್ಟಿದೆ, ಬೆರಳು ಕಪ್ಪು, ಗೋಡೆ ಬಿಳಿ, ಒಳಗೆ ಖಟಕ್, ಯಾರು ನೇಯುತ್ತಿದ್ದಾರೆ, ಆ ಮನೆಯಲ್ಲಿ ನೇಯುವವಳು ಒಬ್ಬಳೇ, ಅವಳು ಇಲ್ಲಿ ಪಕ್ಕದಲ್ಲೇ ನಿಂತಿದ್ದಾಳೆ, ಖಟಕ್, ಏಳು ಚುಕ್ಕಿ, ಖಟಕ್, ಎಂಟನೆಯ ಜಾಗದಲ್ಲಿ ಬಿಳಿ ಸುಣ್ಣ, ಬಿಳಿ ಸುಣ್ಣ—